ಬಿಡುವಿನ ದಿನಗಳ ವಿನಿಯೋಗ



ಕಳೆದ ತಿಂಗಳು ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಸಂಜೆಯ ಪೂಜೆಯ ತರುವಾಯ ನನ್ನನ್ನು ಕಾಣಲು ಬಂದನು. ತುಮಕೂರಿನ ಸರಕಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ, ಗೃಹಸ್ಥ, ಎಂಟು ವರ್ಷದ ಮಗಳ ತಂದೆ. ಶರಣುಮಾಡಿ ಕುಳಿತವನು ಕೈಚೀಲದಿಂದ ಒಂದು ಪುಟ್ಟ ನೋಟುಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟು, “ಗುರುಗಳೇ, ಇದರಲ್ಲಿ ನನ್ನ ಒಂದು ಶನಿವಾರವೂ ಒಂದು ಭಾನುವಾರವೂ ಇವೆ. ಯಾವುದು ಕಾಯಕ, ಯಾವುದು ದಾಸೋಹ, ಯಾವುದು ವೃಥಾ ಕಾಲಹರಣ ಎಂದು ತಾವೇ ಗುರುತುಹಾಕಿ ಕೊಡಬೇಕು” ಎಂದನು. ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿದ ನನಗೆ ಇಂತಹ ಪತ್ರಿಕೆ ತಿದ್ದಲು ಸಿಕ್ಕಿದ್ದು ಇದೇ ಮೊದಲು.

ವಾರದ ಕೊನೆಗೆ ಎರಡು ದಿನಗಳ ಬಿಡುವು ಎಂಬುದು ನಮ್ಮ ತಂದೆಗಳ ಕಾಲಕ್ಕೆ ತಿಳಿಯದ ಸೌಭಾಗ್ಯ. ಒಕ್ಕಲುಮಗನಿಗೆ ಇಂದಿಗೂ ಅದು ಇಲ್ಲ. ಎತ್ತಿಗೆ ಮೇವು ಹಾಕುವುದಕ್ಕೆ ಶನಿವಾರ, ಭಾನುವಾರಗಳೆಂಬ ಭೇದವುಂಟೆ? ಆದರೆ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು 2015ರ ಸೆಪ್ಟೆಂಬರಿನಿಂದ ರಜೆಯಾದವು. ನಮ್ಮ ರಾಜ್ಯದ ಸರಕಾರಿ ನೌಕರರಿಗೆ ನಾಲ್ಕನೆಯ ಶನಿವಾರವೂ ರಜೆಯಾದದ್ದು 2019ರಲ್ಲಿ. ಹೀಗೆ ದೊರೆತ ದಿನಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯು ಈಗ ಅನೇಕ ಗೃಹಸ್ಥರ ಮುಂದಿದೆ. ಕೆಲವರು ನಿದ್ರೆಯಿಂದ ಅದನ್ನು ಪರಿಹರಿಸಿಕೊಳ್ಳುತ್ತಾರೆ. ನಮ್ಮ ವಿದ್ಯಾರ್ಥಿಯು ಅಂಥವನಲ್ಲ.

ಅವನ ಪಟ್ಟಿ ಹೀಗಿದ್ದಿತು. ಶನಿವಾರ ಬೆಳಗ್ಗೆ ಆರರಿಂದ ಎಂಟೂವರೆಯವರೆಗೆ ಗೆಳೆಯರೊಡನೆ ಕೆರೆಯ ದಂಡೆಯ ಪ್ಲಾಸ್ಟಿಕ್ ಆಯುವುದು. ಹತ್ತರಿಂದ ಹನ್ನೆರಡರವರೆಗೆ ಕೂಲಿಕಾರರ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು. ಮೂರರಿಂದ ಕತ್ತಲಾಗುವವರೆಗೆ ಮನೆಯ ಹಿತ್ತಲಿನ ಕೈದೋಟ. ಭಾನುವಾರ ಬೆಳಗಿನ ಜಾವ ಐದಕ್ಕೆ ಸೈಕಲ್ಲೇರಿ ದೇವರಾಯನದುರ್ಗದ ಬೆಟ್ಟ ಹತ್ತಿ ಬರುವುದು. ಹನ್ನೊಂದಕ್ಕೆ ವೃದ್ಧಾಶ್ರಮದಲ್ಲಿ ಊಟ ಬಡಿಸುವುದು. ನಾಲ್ಕಕ್ಕೆ ರಸ್ತೆಯ ಬದಿಯಲ್ಲಿ ಸಸಿ ನೆಡುವುದು. ಏಳಕ್ಕೆ ಮುಂದಿನ ವಾರದ ಕೆಲಸಗಳ ವಿಚಾರವಾಗಿ ಸಭೆ. ಇಷ್ಟಾದ ಮೇಲೆ ಪುಟದ ಕೊನೆಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು ಇದ್ದಿತು: “ಸೋಮವಾರ: ಕಚೇರಿಯಲ್ಲಿ ತೂಕಡಿಕೆ.”

ನಾನು ತಿದ್ದಲು ತೊಡಗಿದ್ದು ಆ ಕೊನೆಯ ಸಾಲಿನಿಂದಲೇ. “ಅಪ್ಪಾ, ನೀನು ಕಾಯಕವನ್ನು ಶನಿವಾರದಲ್ಲಿ ಹುಡುಕುತ್ತಿರುವೆ, ಅದು ಸೋಮವಾರದಲ್ಲಿ ಇದೆ” ಎಂದೆ. ಕಾಯಕವೆಂದರೆ ಕಾಯದಿಂದ ಮಾಡುವ, ಜೀವನೋಪಾಯವಾದ, ಸತ್ಯಶುದ್ಧವಾದ ದುಡಿಮೆ. ನೂಲಿ ಹಗ್ಗ ಹೊಸೆಯುವುದು ನುಲಿಯ ಚಂದಯ್ಯಗಳ ಕಾಯಕವಾಗಿದ್ದಂತೆ, ಹಳ್ಳಿಯಿಂದ ಬಸ್ಸು ಹಿಡಿದು ಬಂದ ರೈತನ ಅರ್ಜಿಯನ್ನು ಅಂದೇ ನೋಡಿ ಮುಂದಕ್ಕೆ ಕಳುಹಿಸುವುದು ಈ ಗುಮಾಸ್ತನ ಕಾಯಕ. ಆ ರೈತನು ಕಿಟಕಿಯ ಮುಂದೆ ನಿಂತಿರುವಾಗ ಒಳಗಿರುವವನು ಲೋಕಸೇವೆಯ ಆಯಾಸದಿಂದ ಕಣ್ಣು ಮುಚ್ಚುತ್ತಿದ್ದರೆ, ಭಾನುವಾರದ ಸೇವೆಗೆ ಆ ರೈತನು ತನಗೆ ತಿಳಿಯದೆಯೇ ತೆರಿಗೆ ತೆತ್ತಂತಾಯಿತು. ಹುಡುಗನು ತಲೆ ತಗ್ಗಿಸಿದನು. ಮಾತು ಸ್ವಲ್ಪ ಕಟುವಾಯಿತೆಂದು ನನಗೂ ಅನ್ನಿಸಿತು, ಆದರೆ ಹಿಂದೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅವನೂ ಒಂದು ಪ್ರಶ್ನೆ ಕೇಳಿದನು. “ಗುರುಗಳೇ, ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ತಾವು ನಮ್ಮನ್ನು ಕರೆದುಕೊಂಡು ಹೋಗಿ ಕೆರೆಯ ಏರಿಯ ಮೇಲೆ ಸಸಿ ನೆಡಿಸಿದಿರಿ. ಆ ಗಿಡಗಳು ಏನಾದವು?”

ಇದಕ್ಕೆ ಉತ್ತರ ಹೇಳದೆ ಈ ಪಾಠವು ಮುಂದೆ ಹೋಗಲಾರದು. ಆದುದರಿಂದ ಅದನ್ನು ಇಲ್ಲಿಯೂ ನಿವೇದಿಸುತ್ತೇನೆ. ಕನ್ಹಯ್ಯಲಾಲ್ ಮುನ್ಷಿಯವರು ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಸಚಿವರಾಗಿದ್ದಾಗ 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದರೆಂಬುದು ತಮಗೆ ತಿಳಿದದ್ದೇ. ಅಂತಹ ಒಂದು ಜುಲೈ ತಿಂಗಳಲ್ಲಿ, ಇಂದಿಗೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾನು ನಲವತ್ತು ಮಕ್ಕಳನ್ನು ಕಟ್ಟಿಕೊಂಡು ಒಂದೇ ಭಾನುವಾರದಲ್ಲಿ ಅರವತ್ತು ಸಸಿಗಳನ್ನು ನೆಡಿಸಿದೆ. ಮಂಗಳಾರತಿಯಾಯಿತು, ಭಾಷಣವಾಯಿತು, ಸಾಲಾಗಿ ನಿಂತು ಛಾಯಾಚಿತ್ರವನ್ನೂ ತೆಗೆಸಿಕೊಂಡೆವು. ಮರುವರ್ಷದ ಶಿವರಾತ್ರಿಯ ಹೊತ್ತಿಗೆ ಅಲ್ಲಿ ಉಳಿದದ್ದು ನಾಲ್ಕು ಮಾತ್ರ. ಕೆಲವನ್ನು ಮೇಕೆಗಳು ತಿಂದವು. ಹಲವು ಮಾಘದ ಬಿಸಿಲಿಗೆ ಒಣಗಿದವು. ಒಣಗಿದ ಒಂದೆರಡನ್ನು ಕಿತ್ತು ನೋಡಿದರೆ ಬೇರಿನ ಸುತ್ತ ಕಪ್ಪು ಪ್ಲಾಸ್ಟಿಕ್ ಚೀಲವು ಹಾಗೆಯೇ ಇದ್ದಿತು. ಅವಸರದಲ್ಲಿ ಮಕ್ಕಳು ಅದನ್ನು ಸೀಳದೆಯೇ ಹೂತಿದ್ದರು, ನಾನು ನೋಡಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಆ ಊರಿನ ಮುದುಕರಾದ ನೀರುಗಂಟಿಯವರು ಬಂದು, “ಸ್ವಾಮೀ, ಏರಿಯ ಮೇಲೆ ದೊಡ್ಡ ಮರ ಬೆಳೆಸಬಾರದು, ಬೇರು ಇಳಿದ ಕಡೆ ನೀರು ಜಿನುಗುತ್ತದೆ, ಏರಿ ಸಡಿಲವಾಗುತ್ತದೆ. ಮೊದಲೇ ಕೇಳಿದ್ದರೆ ಗೋಮಾಳದ ದಾರಿ ತೋರಿಸುತ್ತಿದ್ದೆ” ಎಂದರು. ಅಂದರೆ ಅರವತ್ತೂ ಬದುಕಿದ್ದರೆ ಕೆರೆಗೆ ನಮ್ಮಿಂದ ಅಪಕಾರವೇ ಆಗುತ್ತಿತ್ತು! ಸತ್ತದ್ದರಿಂದ ಕೆರೆ ಬದುಕಿತು. ಛಾಯಾಚಿತ್ರವು ಪಾಠಶಾಲೆಯ ಗೋಡೆಯ ಮೇಲೆ ಇನ್ನೂ ಇದೆ. ಅದರ ಕೆಳಗೆ ಈ ವಿಷಯವನ್ನು ಯಾರೂ ಬರೆದಿಲ್ಲ.

ಸಸಿಯನ್ನು ನೆಡುವುದು ಒಂದು ದಿನದ ಕೆಲಸ, ಅದನ್ನು ಮರಮಾಡುವುದು ಕನಿಷ್ಠ ಎರಡು ಬೇಸಗೆಗಳ ಕೆಲಸ. ಇದನ್ನು ಶಾಸ್ತ್ರಾಭ್ಯಾಸವಿಲ್ಲದೆಯೇ ಬಲ್ಲವರಾಗಿದ್ದರು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು. ಕೂಲಿ ಮಾಡಿ ಬದುಕುತ್ತಿದ್ದ ಆಕೆಯೂ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಸುಮಾರು ನಾಲ್ಕು ಕಿಲೋಮೀಟರ್ ದಾರಿಯ ಉದ್ದಕ್ಕೂ ಬೆಳೆಸಿದ ಆಲದ ಮರಗಳು 385 ಎಂದು ಲೆಕ್ಕ. ಮೊದಲ ವರ್ಷ ಅವರು ನೆಟ್ಟದ್ದು ಹತ್ತೇ ಸಸಿ, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಕೊಡಗಳಲ್ಲಿ ನೀರು ಹೊತ್ತು ನಡೆದು ಎರೆದರು. ದನಕರುಗಳು ಬಾಯಿಹಾಕದಂತೆ ಮುಳ್ಳಿನ ಬೇಲಿ ಕಟ್ಟಿದರು. 2019ರಲ್ಲಿ ಭಾರತ ಸರಕಾರವು ಆಕೆಗೆ ಪದ್ಮಶ್ರೀ ನೀಡಿತು; 2025ರ ನವೆಂಬರಿನಲ್ಲಿ ಆಕೆ ಕಾಲವಾದರು. ನಾನು ಓದಿದ ವಿದ್ಯಾವಂತನು ಒಂದೇ ದಿನದಲ್ಲಿ ಅರವತ್ತು ನೆಟ್ಟೆ. ಅಕ್ಷರ ಕಲಿಯದ ಆ ತಾಯಿ ಒಂದು ವರ್ಷದಲ್ಲಿ ಹತ್ತು ನೆಟ್ಟಳು. ಯಾರ ಲೆಕ್ಕ ಸರಿಯೆಂದು ಕುದೂರಿನ ದಾರಿಯಲ್ಲಿ ನಡೆಯುವವನಿಗೆ ಕೇಳಬೇಕಾಗಿಲ್ಲ.

ಇನ್ನು ಕೈದೋಟದ ವಿಚಾರ. ಸಂಸ್ಕೃತದ ‘ಉದ್ಯಾನ’ ಶಬ್ದವು ಹೊರಗೆ ಹೋಗುವುದನ್ನು ಸೂಚಿಸತಕ್ಕದ್ದು. ಅರಮನೆಯನ್ನು ಬಿಟ್ಟು ರಾಜನು ವಿಹರಿಸಲು ಹೋಗುವ ಸ್ಥಳ ಅದು. ನಮ್ಮ ಕನ್ನಡದ ‘ಕೈದೋಟ’ವಾದರೋ ಕೈಗೆ ಎಟುಕುವ ತೋಟ, ಕೈಯಿಂದಲೇ ಆಗುವ ತೋಟ. ಮಾಲಿಯನ್ನಿಟ್ಟು ನೋಡಿಕೊಳ್ಳುವುದಕ್ಕೆ ಆ ಹೆಸರು ಒಪ್ಪದು. ಅವನ ಹಿತ್ತಲನ್ನು ನೋಡಲೆಂದು ಮುಂದಿನ ಎರಡನೆಯ ಶನಿವಾರ ನಾನೇ ಅವನ ಮನೆಗೆ ಹೋದೆ. ಹದಿನೈದು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಸ್ಥಳ. ಒಂದು ನುಗ್ಗೆ, ಒಂದು ಕರಿಬೇವು, ಚಪ್ಪರಕ್ಕೆ ಹಬ್ಬಿದ ಬಸಳೆ, ದಂಟು, ಬೆಂಡೆ, ಮೂಲೆಯಲ್ಲಿ ದೊಡ್ಡಪತ್ರೆ, ಪೂಜೆಗೆ ಕಣಗಿಲೆ ಮತ್ತು ತುಂಬೆ. ಪಾತ್ರೆ ತೊಳೆದ ನೀರು ಸಣ್ಣ ಕಾಲುವೆಯಲ್ಲಿ ಹರಿದು ನುಗ್ಗೆಯ ಪಾತಿಗೆ ಸೇರುವಂತೆ ಮಾಡಿದ್ದನು. ಉದುರಿದ ಎಲೆ, ತರಕಾರಿಯ ಸಿಪ್ಪೆಗಳು ಗುಂಡಿಯಲ್ಲಿ ಕೊಳೆತು ಗೊಬ್ಬರವಾಗುತ್ತಿದ್ದವು. ಅಚ್ಚುಕಟ್ಟಾದ ತೋಟವೇ ಸರಿ. ನಾನು ಮೆಚ್ಚಿ ನಾಲ್ಕು ಮಾತನಾಡಿದೆ.

ಮಜ್ಜಿಗೆ ತಂದುಕೊಟ್ಟ ಅವನ ಗೃಹಿಣಿಯು ಬಾಗಿಲ ಬಳಿ ನಿಂತು ನಕ್ಕು, “ಶನಿವಾರದ ತೋಟ ಇವರದು ಗುರುಗಳೇ. ಸೋಮವಾರದಿಂದ ಶುಕ್ರವಾರದವರೆಗಿನ ತೋಟ ನನ್ನದು” ಎಂದಳು. ತಡೆದು, ಮತ್ತೆ ಹೇಳಿದಳು: “ಊರಿಗೆಲ್ಲ ಇವರ ಸೇವೆ ಸಲ್ಲುತ್ತದೆ. ಮನೆಗೆ ಬರುವುದು ಕೆಸರಾದ ಬಟ್ಟೆ ಮಾತ್ರ. ರಜೆಯಲ್ಲಿ ಅಪ್ಪನನ್ನು ಕಾಣುವುದಕ್ಕೆ ಮಗಳು ಸಭೆಗೆ ಹೋಗಬೇಕಾಗಿದೆ.” ಈ ಮಾತಿನಲ್ಲಿ ಕೋಪವಿರಲಿಲ್ಲ, ಆದುದರಿಂದಲೇ ಅದು ನಾಟಿತು. ದಿನದಿನವೂ ನೀರೆರೆದು, ಎಲೆಯಡಿಯ ಹುಳುವನ್ನು ಆರಿಸಿ, ಬಾಡಿದ ಬಳ್ಳಿಯನ್ನೆತ್ತಿ ಕಟ್ಟುವವರು ಯಾರೋ ಅವರ ಹೆಸರು ಆ ನೋಟುಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಆಗ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಈ ಪತ್ರಿಕೆಯ ವಾಚಕರಿಗೆ ಆ ಕಥೆ ಹೊಸತಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ–ಲಕ್ಕಮ್ಮ ದಂಪತಿಗಳು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತಲೂ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಿ ಬನ್ನಿರೆಂದು ಕಳುಹಿಸಿದರು. ಇದನ್ನು ನಾವು ಸಾಮಾನ್ಯವಾಗಿ ದ್ರವ್ಯದ ಆಸೆಗೆ ಅನ್ವಯಿಸಿ ಬೋಧಿಸುತ್ತೇವೆ. ಆದರೆ ಮಾರಯ್ಯನವರು ತಂದದ್ದು ತಮ್ಮ ಭೋಗಕ್ಕಲ್ಲ, ದಾಸೋಹಕ್ಕೆ ಎಂಬುದನ್ನು ಮರೆಯಬಾರದು. ಸತ್ಕಾರ್ಯಕ್ಕೆಂದು ತಂದರೂ ಹೆಚ್ಚಾದದ್ದು ಹೆಚ್ಚಾದದ್ದೇ ಎಂಬಷ್ಟು ಸೂಕ್ಷ್ಮವಾದ ತಕ್ಕಡಿ ಆ ಶರಣೆಯ ಕೈಯಲ್ಲಿದ್ದಿತು. ನಮ್ಮ ಕಾಲದ ಗೃಹಸ್ಥನು ಅಕ್ಕಿಯನ್ನು ಹೆಚ್ಚು ತರದಿರಬಹುದು. ಕೆಲಸಗಳನ್ನು ಹೆಚ್ಚು ತರುತ್ತಾನೆ, ಹೆಸರನ್ನು ಹೆಚ್ಚು ತರುತ್ತಾನೆ. ಬಾಗಿಲಲ್ಲಿ ನಿಂತು ಅದನ್ನು ಅಳೆಯುವವಳು ಮನೆಯಾಕೆಯೇ. ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು, “ಅಮ್ಮಾ, ಗುರುತುಹಾಕಬೇಕಾದವಳು ನೀನೇ” ಎಂದು ಪುಸ್ತಕವನ್ನು ಅವಳ ಕೈಗೆ ಕೊಟ್ಟೆ.

ಅವಳು ಬಹುಬೇಗ ತಿದ್ದಿದಳು; ನನಗಿಂತ ಚೆನ್ನಾಗಿಯೂ ತಿದ್ದಿದಳು. ಲೆಕ್ಕದ ಪಾಠವನ್ನು ಉಳಿಸಿದಳು: ಎರಡು ವಾರ ತಪ್ಪಿದಾಗ ಒಬ್ಬ ಹುಡುಗನು ಮನೆಯವರೆಗೂ ಬಂದು ‘ಮೇಷ್ಟ್ರು ಇದ್ದಾರೆಯೇ’ ಎಂದು ಕೇಳಿ ಹೋದನಂತೆ. ಬರುವರೆಂದು ಕಾದಿರುವವರು ಇರುವ ಸೇವೆಯನ್ನು ಬಿಡಬಾರದು ಎಂಬುದು ಅವಳ ವಾದ. ಸಭೆಯನ್ನು ಹೊಡೆದುಹಾಕಿದಳು. ಕೆರೆಯ ದಂಡೆಯ ಕೆಲಸವನ್ನು ತಿಂಗಳಿಗೊಂದು ಸಲವೆಂದು ಬರೆದಳು. ವೃದ್ಧಾಶ್ರಮದಲ್ಲಿ ಬಡಿಸುವವರು ಭಾನುವಾರಗಳಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇರುವರೆಂದೂ, ನಡುವಾರದ ಸಂಜೆ ಹೋಗಿ ಅಜ್ಜಂದಿರೊಡನೆ ಅರ್ಧ ಗಂಟೆ ಕುಳಿತು ಬಂದರೆ ಸಾಕೆಂದೂ ಹೇಳಿದಳು. ಸೈಕಲ್ಲಿನ ಸಾಲಿಗೆ ಬಂದಾಗ ಮಾತ್ರ ಪೆನ್ನನ್ನು ಎತ್ತಿ ನನ್ನ ಮುಖ ನೋಡಿದಳು.

ಪ್ರಯೋಜನವೇ ಇಲ್ಲದೆ ಬೆಟ್ಟಕ್ಕೆ ಹೋಗಿ ಬರುವ ಈ ಸವಾರಿಯನ್ನು ನಾನು ಹೊಡೆದುಹಾಕುವೆನೆಂದು ಇಬ್ಬರೂ ಎಣಿಸಿದ್ದರು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ನಮ್ಮ ಪ್ರಾಯದಲ್ಲಿ ಸೈಕಲ್ಲು ವಿನೋದದ ವಸ್ತುವಾಗಿರಲಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಂಚೆಯ ಚೀಲಗಳನ್ನು ಹೊರುವ ವಾಹನ ಅದು. ನಮ್ಮ ರಾಜ್ಯ ಸರಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿದಾಗಲೂ ಉದ್ದೇಶವು ದೂರದ ಶಾಲೆಗೆ ಹೋಗುವುದೇ ಆಗಿದ್ದಿತು. ನಾನು ಪಾಠಶಾಲೆಗೆ ತುಳಿದುಕೊಂಡು ಬರುತ್ತಿದ್ದ ಅಟ್ಲಾಸ್ ಸೈಕಲ್ಲು ಅಟ್ಟದ ಕೆಳಗೆ ಧೂಳು ಹಿಡಿದು ನಿಂತು ಹನ್ನೆರಡು ವರ್ಷಗಳಾಗಿದ್ದವು. (ವಿಶ್ವಸಂಸ್ಥೆಯು 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಗೊತ್ತುಮಾಡಿತು, 2020ರ ಜೂನ್ 3ರಂದೇ ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಕಾರಖಾನೆಯು ಕೆಲಸ ನಿಲ್ಲಿಸಿತು. ಕಾಲಪುರುಷನಿಗೂ ಹಾಸ್ಯಪ್ರವೃತ್ತಿ ಇರುವಂತೆ ತೋರುತ್ತದೆ.)

ಆದರೂ ವಿಚಾರಿಸಿ ನೋಡೋಣ. ಆಯುರ್ವೇದವು ಆಹಾರದ ಜೊತೆಯಲ್ಲಿಯೇ ವಿಹಾರವನ್ನೂ ಹೇಳುತ್ತದೆ. ಸುಶ್ರುತಸಂಹಿತೆಯು ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟೇ ಮಾಡಬೇಕೆಂದು ವಿಧಿಸಿ, ಆ ಅರ್ಧವು ಮುಗಿದದ್ದಕ್ಕೆ ಲಕ್ಷಣವನ್ನೂ ಹೇಳಿದೆ: ಉಸಿರು ಬಾಯಿಯಿಂದ ಬರಲು ತೊಡಗಿದರೆ ಅಲ್ಲಿಗೆ ನಿಲ್ಲಿಸತಕ್ಕದ್ದು. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೇಹಶ್ರಮವು ಬೇಕೆಂದಿದೆ. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಬರೆಯುವ ಗುಮಾಸ್ತನಿಗೆ ಇದು ಔಷಧವೇ ಸರಿ. ಹೀಗೆ ಸಮರ್ಥಿಸಿ ಮುಗಿಸಬಹುದಾಗಿತ್ತು. ಆದರೆ ಔಷಧವೆಂದು ಒಪ್ಪುವುದೂ ಅರ್ಧ ಸುಳ್ಳೇ. ಅವನು ಹೋಗುವುದು ಸಂತೋಷಕ್ಕಾಗಿ. ಅದನ್ನು ಪರೀಕ್ಷಿಸಲು ಅಟ್ಟದ ಕೆಳಗಿನ ಸೈಕಲ್ಲನ್ನು ನಾನು ಹೊರಗೆಳೆದೆ.

ಅಂಗಡಿಯವನು ಎರಡು ಟೈರು, ಎರಡು ಟ್ಯೂಬು, ಬ್ರೇಕಿನ ರಬ್ಬರುಗಳನ್ನು ಹೊಸದಾಗಿ ಹಾಕಿದನು. ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಬಟ್ಟೆಯಿಂದ ಒರಸಿದನು. ಹಾಗೆಯೇ ಬಿಟ್ಟರೆ ಧೂಳು ಮೆತ್ತಿ ಚೈನು ಸವೆಯುವುದಂತೆ. ನನ್ನ ಶಿಷ್ಯನು ನನಗೆ ಗುರುವಾಗಿ ಸೀಟಿನ ಎತ್ತರವನ್ನು ಕಲಿಸಿದನು: ಪೆಡಲು ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು, ಅಷ್ಟು ಎತ್ತರವಿದ್ದರೆ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುವುದು, ನೋಯದು. ಮೂವತ್ತು ವರ್ಷ ತಗ್ಗಾದ ಸೀಟಿನಲ್ಲಿ ತುಳಿದು ಮೊಣಕಾಲನ್ನು ದೂಷಿಸಿದ್ದೆ! ದೇವರಾಯನದುರ್ಗವು ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಕೊನೆಯ ಏರು ಬಲು ಕಡಿದು. ಗೇರುಗಳಿರುವ ಅವರ ಸೈಕಲ್ಲುಗಳು ಹತ್ತಲಿ. ನನ್ನದು ಬೆಟ್ಟದ ತಪ್ಪಲಿನ ನಾಮದ ಚಿಲುಮೆಯವರೆಗೆ ಸಾಕೆಂದು ಗೊತ್ತುಮಾಡಿಕೊಂಡೆವು. ಒಂದು ದಿಣ್ಣೆಯಲ್ಲಿ ಉಸಿರು ಬಾಯಿಗೆ ಬಂದಿತು. ಸುಶ್ರುತರ ಆಜ್ಞೆಯನ್ನು ಶಿರಸಾವಹಿಸಿ ಕೆಳಗಿಳಿದು ತಳ್ಳಿಕೊಂಡು ನಡೆದೆ.

ಅಡವಿಯ ರಸ್ತೆಯಲ್ಲಿ ಮಂಜು ಇನ್ನೂ ಹರಿದಿರಲಿಲ್ಲ. ಇಳಿಜಾರಿನಲ್ಲಿ ಪೆಡಲು ತುಳಿಯುವುದನ್ನು ನಿಲ್ಲಿಸಿದಾಗ ಚಕ್ರದ ಟಿಕ್‌ಟಿಕ್ ಶಬ್ದವೊಂದನ್ನುಳಿದು ಬೇರೇನೂ ಕೇಳಿಸಲಿಲ್ಲ. ಬಂಡೆಯಿಂದ ಜಿನುಗುವ ಆ ಚಿಲುಮೆಯ ಬಳಿ ಕುಳಿತು ನೀರು ಕುಡಿದೆವು. ಬೇಲಿಯ ಆಚೆಯಿಂದ ಜಿಂಕೆಗಳು ನಮ್ಮನ್ನು ನೋಡುತ್ತಿದ್ದವು. ಯಾರೂ ಯಾರಿಗೂ ಏನನ್ನೂ ಉಪದೇಶಿಸಲಿಲ್ಲ. ಅಲ್ಲಿ ನಾನು ಅವನಿಗೆ ಹೇಳಿದ್ದು ಇಷ್ಟೇ: “ಇದಕ್ಕೆ ಕಾಯಕವೆಂದು ಹೆಸರಿಡಬೇಡ, ದಾಸೋಹವೆಂದೂ ಕರೆಯಬೇಡ. ಇದು ವಿಹಾರ. ವಿಹಾರವೆಂದು ಒಪ್ಪಿಕೊಂಡರೆ ಇದರಲ್ಲಿ ದೋಷವಿಲ್ಲ. ಪುಸ್ತಕದಲ್ಲಿ ಬರೆದು ಪುಣ್ಯದ ಕಡೆಗೆ ಜಮಾ ಮಾಡಿಕೊಂಡರೆ ಮಾತ್ರ ದೋಷ.” ಅವನು, “ಹಾಗಾದರೆ ಮಗಳನ್ನೂ ಕರೆತರಬಹುದೇ?” ಎಂದನು. ಬೆಳಗಿನ ಹೊತ್ತಿನಲ್ಲಿ ಎಡಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ, ಹೊಳೆಯುವ ಬಟ್ಟೆಯನ್ನೂ ತಲೆಗೆ ಹೆಲ್ಮೆಟ್ಟನ್ನೂ ಧರಿಸಿ ಬರುವುದಾದರೆ ಅಡ್ಡಿಯೇನು? ಈಗ ಅವಳ ಪುಟ್ಟ ಸೈಕಲ್ಲು ಊರ ಹೊರಗಿನ ಸೇತುವೆಯವರೆಗೆ ಬರುತ್ತದೆ. ಸೇತುವೆಯಿಂದ ಅಪ್ಪ ಮಗಳಿಬ್ಬರೂ ಹಿಂದಿರುಗುತ್ತಾರೆ. ಬೆಟ್ಟವು ತಿಂಗಳಿಗೊಮ್ಮೆ ಸಾಕೆಂದು ಅವನೇ ಹೇಳಿದನು.

ಉಳಿದದ್ದು ಸಸಿಗಳ ವಿಷಯ. ಈ ವರ್ಷ ನಾವಿಬ್ಬರೂ ಆ ಹಳೆಯ ಊರಿಗೆ ಹೋಗಿ, ನೀರುಗಂಟಿಯವರ ಮಗನನ್ನು ಕಂಡು, ಗೋಮಾಳದ ದಾರಿಯಲ್ಲಿ ಎಂಟೇ ಎಂಟು ಗುಂಡಿಗಳನ್ನು ಬೇಸಗೆಯಲ್ಲಿಯೇ ತೋಡಿಸಿ ಬಿಸಿಲಿಗೆ ಬಿಟ್ಟೆವು. ಒಂದೂವರೆ ಅಡಿ ಆಳ, ಅಷ್ಟೇ ಅಗಲ. ಎರಡು ಹದವಾದ ಮಳೆ ಬಿದ್ದ ಮೇಲೆ ಮೇಲ್ಮಣ್ಣಿಗೆ ಕೊಟ್ಟಿಗೆಯ ಗೊಬ್ಬರ ಬೆರೆಸಿ ಮೂರು ಹೊಂಗೆ, ಎರಡು ಬೇವು, ಎರಡು ನೇರಳೆ, ಒಂದು ಆಲವನ್ನು ನೆಟ್ಟೆವು. ಪ್ಲಾಸ್ಟಿಕ್ ಚೀಲವನ್ನು ನಾನೇ ನನ್ನ ಕೈಯಿಂದ ಸೀಳಿ ತೆಗೆದು ಎಂಟನ್ನೂ ಎಣಿಸಿ ಜೇಬಿನಲ್ಲಿಟ್ಟುಕೊಂಡೆ. ಸುತ್ತ ಜಾಲಿಯ ಮುಳ್ಳು. ಪ್ರತಿಯೊಂದರ ಪಕ್ಕದಲ್ಲಿ ಒಂದು ಗೇಣು ದೂರಕ್ಕೆ ಕುಂಬಾರರ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತಿದ್ದೇವೆ. ಮಡಕೆಯ ಮೈಯಿಂದ ನೀರು ಮಣ್ಣಿಗೆ ಬೇಕಾದಷ್ಟೇ ಒಸರುತ್ತದೆ, ಒಣಗಿದರೆ ಹೆಚ್ಚು, ಹಸಿಯಿದ್ದರೆ ಕಡಿಮೆ. ಬಾಯಿಗೆ ಮುಚ್ಚಳವಿದ್ದರೆ ಆವಿಯಾಗದು, ಸೊಳ್ಳೆಯೂ ಮೊಟ್ಟೆಯಿಡದು. ಒಮ್ಮೆ ತುಂಬಿಸಿದರೆ ಕೆಲವು ದಿನ ನಿಶ್ಚಿಂತೆ. ದಿನವೂ ಹೋಗಲಾಗದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಕೈದೋಟವಿರುವ ಗೃಹಸ್ಥರು ಇದನ್ನು ಹಿತ್ತಲಿನಲ್ಲಿಯೂ ಮಾಡಿ ನೋಡಬಹುದು.

ಮಳೆ ನಿಂತ ಮೇಲೆ ವಾರಕ್ಕೆರಡು ಸಲ ಮಡಕೆಗಳನ್ನು ತುಂಬಬೇಕು. ನಡುವಾರದ ಸರದಿಯನ್ನು ನೀರುಗಂಟಿಯವರ ಮನೆಯವರು ಒಪ್ಪಿದ್ದಾರೆ. ಭಾನುವಾರಗಳದು ನಮ್ಮದು: ಒಂದು ವಾರ ಅವನು, ಒಂದು ವಾರ ನಾನು. ಕ್ಯಾರಿಯರಿಗೆ ಎರಡು ಕ್ಯಾನುಗಳನ್ನು ಕಟ್ಟಲು ಹಳೆಯ ಅಟ್ಲಾಸೇ ಅನುಕೂಲ. ಗೇರಿನ ಸೈಕಲ್ಲಿಗೆ ಕ್ಯಾರಿಯರೇ ಇಲ್ಲ. ಆದುದರಿಂದ ತನ್ನ ಸರದಿಯ ವಾರದಲ್ಲಿಯೂ ಅವನು ನನ್ನ ಸೈಕಲ್ಲನ್ನೇ ಕೇಳಿಕೊಂಡು ಬರುತ್ತಾನೆ. ಕಳೆದ ಭಾನುವಾರ ಬಂದಾಗ ನೋಟುಪುಸ್ತಕ ಎಲ್ಲಿಯೆಂದು ಕೇಳಿದೆ. ಮಗಳು ಅದರಲ್ಲಿ ಲೆಕ್ಕ ಮಾಡುತ್ತಿದ್ದಾಳೆಂದು ಹೇಳಿ, ಚಕ್ರಕ್ಕೆ ಗಾಳಿ ಸಾಲದೆಂದು ಪಂಪು ಹುಡುಕಲು ಒಳಗೆ ಹೋದನು.